ಹಿಂದೆ ಬರುವವರು ಬಾಗಿಲು ಹಾಕಬೇಕು

ನಾನು ಹುಟ್ಟಾ ಪುಕ್ಕಲಿ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ. ಏಣಿ ಕಂಡರೆ ಅದು ಜಾರುವುದೇ ನನ್ನ ಕಣ್ಣಿಗೆ ಮೊದಲು ಬೀಳುತ್ತದೆ. ಒಲೆಯ ಮೇಲೆ ನೀರು ಕುದಿಯುತ್ತಿದ್ದರೆ ಅದು ಯಾರ ಮೈಮೇಲೆ ಚೆಲ್ಲಲಿದೆ ಎಂದು ಸುತ್ತ ನೋಡುತ್ತೇನೆ. ಇಂಥವಳು ಜನರನ್ನು ಗುಡ್ಡ ಹತ್ತಿಸುವ ಕೆಲಸ ಹಿಡಿದಿದ್ದಾಳಲ್ಲ ಎಂದು ಪರಿಚಯದವರು ನಗುತ್ತಾರೆ. ನನ್ನ ತಮ್ಮ ಅವರಿಗೊಂದು ಉತ್ತರ ಸಿದ್ಧಮಾಡಿ ಇಟ್ಟುಕೊಂಡಿದ್ದ. "ನಮ್ಮಕ್ಕ ಮುಂದೆ ನಡೆದ್ರೆ ಯಾರೂ ಬೀಳಲ್ಲ. ಎಲ್ಲರ ಪಾಲಿನ ಹೆದರಿಕೇನೂ ಅವಳೊಬ್ಬಳೇ ಹೆದರಿ ಮುಗಿಸಿರ್ತಾಳೆ" ಅನ್ನುತ್ತಿದ್ದ.

ತಮ್ಮನದು ಬಿಯರ್ ಮಾಡುವ ಕೆಲಸ. ಗುಡ್ಡದ ಬುಡದಲ್ಲಿ, ಹಿಂದೆ ಐಸ್ ಫ್ಯಾಕ್ಟರಿಯಾಗಿದ್ದ ಒಂದು ಕಲ್ಲಿನ ಕಟ್ಟಡವನ್ನು ಬಾಡಿಗೆಗೆ ಹಿಡಿದು ಟ್ಯಾಂಕುಗಳನ್ನು ಹೂಡಿದ್ದ. ಬಿಯರೇನೋ ಚೆನ್ನಾಗಿತ್ತು. ಆದರೆ ಊರ ಹೊರಗಿನ ಆ ಮೂಲೆಗೆ ಬಂದು ಕುಡಿಯುವವರು ಇರಲಿಲ್ಲ. ನನ್ನ ಗುಡ್ಡದ ದಾರಿಯೂ ಚೆನ್ನಾಗಿತ್ತು. ಬರೀ ಗಾಳಿ ಕುಡಿಯುವುದಕ್ಕೆ ಯಾರು ಬೆವರು ಸುರಿಸಿಕೊಂಡು ಬರುತ್ತಾರೆ? ಇವೆರಡಕ್ಕೂ ಗಂಟು ಹಾಕಿದ್ದು ನನ್ನ ಗಂಡ. "ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು ಅಂತಾರಲ್ಲ, ಹಂಗೆ ನೀವಿಬ್ಬರು. ಒಂದೇ ಗಾಡಿಗೆ ಕಟ್ಟಿ ನೋಡೋಣ" ಎಂದರು. ಅಲ್ಲಿಂದ ಶುರುವಾಯಿತು ನೋಡಿ. ಭಾನುವಾರ ಬೆಳಿಗ್ಗೆ ಗುಡ್ಡದ ಆ ಮಗ್ಗುಲಿಂದ ಹತ್ತುವುದು, ಗುಡ್ಡದ ನೆತ್ತಿಯ ಏಣಿನ ಮೇಲೆ ನಿಂತು ಕೆಳಗಿನ ಕೆರೆಯನ್ನೂ ಪೈನ್ ಮರಗಳನ್ನೂ ನೋಡುವುದು, ಈ ಮಗ್ಗುಲಿಗೆ ಇಳಿದು ನೇರ ತಮ್ಮನ ಬಿಯರ್ ಮನೆಗೆ ಹೋಗುವುದು. ಬೇರೆ ಗುಡ್ಡಗಳ ಬುಡದಲ್ಲೂ ಬೇರೆ ಬಿಯರ್ ಮನೆಗಳಿದ್ದವು, ಅಲ್ಲಿಗೂ ಕರೆದೊಯ್ಯುತ್ತಿದ್ದೆ. ಆದರೆ ಜನ ಕೇಳುತ್ತಿದ್ದುದು ಇದನ್ನೇ. ನಡಿಗೆ ಹೆಚ್ಚಿಲ್ಲ, ನೋಟ ದೊಡ್ಡದು, ಇಳಿದ ತಕ್ಷಣ ತಣ್ಣನೆಯ ಲೋಟ.

ದಾರಿಯಲ್ಲಿ ಕುರಿ ಮೇಯುವ ಹುಲ್ಲುಗಾವಲುಗಳಿವೆ. ಒಂದೊಂದಕ್ಕೂ ಬೇಲಿ, ಬೇಲಿಗೊಂದು ಬಾಗಿಲು. ಕುರಿಯವನು ನಮಗೆ ದಾರಿ ಬಿಟ್ಟಿದ್ದೇ ಒಂದು ಷರತ್ತಿನ ಮೇಲೆ: ದಾಟಿದ ಮೇಲೆ ಬಾಗಿಲು ಹಾಕಬೇಕು. ಹಾಗಾಗಿ ಹೊರಡುವ ಮುಂಚೆ ಎಲ್ಲರನ್ನೂ ನಿಲ್ಲಿಸಿ ನಾನು ಹೇಳುತ್ತಿದ್ದ ಮೊದಲ ಮಾತೇ "ಹಿಂದೆ ಬರೋರು ಬಾಗಿಲು ಹಾಕಬೇಕು" ಎಂಬುದು. ಮುಂದೆ ನಾನು, ಕೊನೆಯಲ್ಲಿ ನನ್ನ ಗಂಡ. ಅವರು ಬಡಗಿ. ಮೊಣಕಾಲು ನೋವಿರುವುದರಿಂದ ಹೇಗೂ ಹಿಂದೆ ಬೀಳುತ್ತಿದ್ದರು, ಆ ಕೆಲಸ ಅವರಿಗೇ ಒಪ್ಪುತ್ತಿತ್ತು.

ನಾನು ಹೇಳಹೊರಟಿರುವ ದಿನದ ಹಿಂದಿನ ಭಾನುವಾರ ಅವರು ಯಾರ ಜೊತೆಗೋ ತೇಗದ ಮರದ ಮಾತಾಡುತ್ತಾ ಒಂದು ಬಾಗಿಲನ್ನು ಹಾಗೇ ಬಿಟ್ಟುಬಿಟ್ಟರು. ಕುರಿಗಳು ರಸ್ತೆಗೆ ನುಗ್ಗಿದವು. ಕುರಿಯವನು ನಮ್ಮ ಮನೆಯ ಬಾಗಿಲಿಗೇ ಬಂದು ಬೀದಿಯೆಲ್ಲ ಕೇಳುವಂತೆ ಕೂಗಾಡಿ ಹೋದ. ಅವನ ಮೇಲಿನ ಸಿಟ್ಟನ್ನು ನಾನು ಗಂಡನ ಮೇಲೆ ತೀರಿಸಿಕೊಂಡೆ. "ಬಾಗಿಲು ಮಾಡೋಕೆ ಬರುತ್ತೆ, ಹಾಕೋಕೆ ಬರಲ್ಲ" ಎಂದುಬಿಟ್ಟೆ. ಅವರು ತಿರುಗಿ ಮಾತಾಡುವ ಪೈಕಿಯಲ್ಲ. ಮಾತನ್ನು ಒಳಗೆ ಹಾಕಿಕೊಂಡು ತಿಂಗಳುಗಟ್ಟಲೆ ಅಗಿಯುತ್ತಾ ಇರುತ್ತಾರೆ.

ಆ ದಿನ ಏಣಿನ ಮೇಲೆ ಮಂಜು ಕವಿದಿತ್ತು. ನನ್ನ ಹಿಂದೆ ಒಬ್ಬರು ಹಲ್ಲಿನ ಡಾಕ್ಟರಮ್ಮ, ಒಬ್ಬ ಬಸ್ ಡ್ರೈವರ್, ಕೈ ಬಿಡದೆ ನಡೆಯುವ ಹೊಸ ಜೋಡಿ, ಇನ್ನೂ ಕೆಲವರು. ಕೆರೆ ಕಾಣುವ ಬಂಡೆಯ ಹತ್ತಿರ ಆ ಹೊಸ ಜೋಡಿಯ ಹುಡುಗಿ ಫೋಟೋ ತೆಗೆಯಲು ಅಂಚಿಗೆ ಹೋದಳು. ಅವಳ ಕಾಲ ಕೆಳಗಿನ ಜಲ್ಲಿ ಸರಿದ ಸದ್ದಾಯಿತು. ತೋಳು ಹಿಡಿದು ಹಿಂದಕ್ಕೆ ಎಳೆದೆ. ಅವಳು ನಕ್ಕಳು. ನನಗೆ ಮಾತ್ರ ಇಳಿಯುವವರೆಗೂ ಅಂಗೈ ಒದ್ದೆಯಾಗಿಯೇ ಇತ್ತು. ಪ್ರತಿಯೊಂದು ಬೇಲಿಯ ಬಳಿಯೂ ಹಿಂತಿರುಗಿ ನೋಡುತ್ತಿದ್ದೆ. ನನ್ನ ಗಂಡ ಬಾಗಿಲು ಹಾಕುವರು, ಕೊಂಡಿ ಸಿಕ್ಕಿಸುವರು, ಎಳೆದು ನೋಡುವರು, ಆಮೇಲೆ ನನ್ನ ಕಡೆಗೆ ಕೈ ಎತ್ತಿ ತೋರಿಸುವರು. 'ನೋಡಿಕೋ, ಹಾಕಿದೆ' ಎನ್ನುವ ಹಾಗೆ. ಅದು ಅವರು ಜಗಳವಾಡುವ ರೀತಿ.

ತಮ್ಮನ ಕಟ್ಟಡ ಇಳಿಜಾರಿಗೆ ಅಂಟಿಕೊಂಡು ನಿಂತಿದೆ. ಮೇಲಿನ ಮಹಡಿ ಬೀದಿಗೆ ತೆರೆದುಕೊಳ್ಳುತ್ತದೆ, ಕುಡಿಯುವ ಕೋಣೆ ಅಲ್ಲಿ. ಕೆಳಗಿನದು ಟ್ಯಾಂಕು ಮನೆ. ಅದರ ಹಿಂಬಾಗಿಲು ನಮ್ಮ ಗುಡ್ಡದ ಕಾಲುದಾರಿಗೆ ತೆರೆದುಕೊಳ್ಳುತ್ತದೆ. ಆ ಬಾಗಿಲನ್ನು ಮಾಡಿದ್ದು ನನ್ನ ಗಂಡ. ಒಳಗಿನ ತಂಪು ಸೋರಬಾರದೆಂದು ದಪ್ಪ ಹಲಗೆ, ಅಂಚಿಗೆಲ್ಲ ರಬ್ಬರ್ ಪಟ್ಟಿ. "ಒಂದು ಸಲ ಹಾಕಿದ್ರೆ ಇರುವೆ ಉಸಿರೂ ಆಚೆ ಹೋಗಲ್ಲ" ಎಂದು ಬಂದವರಿಗೆಲ್ಲ ತಟ್ಟಿ ತೋರಿಸುತ್ತಿದ್ದರು.

ಬೇರೆ ದಿನಗಳಲ್ಲಿ ಅದು ಹಾಕಿರುತ್ತಿತ್ತು, ನಾವು ಬಡಿದರೆ ತಮ್ಮ ತೆಗೆಯುತ್ತಿದ್ದ. ಆ ದಿನ ಹಾರು ಹೊಡೆದಿತ್ತು. ಹೊರಗಿನಿಂದ ಒಂದು ಖಾಲಿ ಪೀಪಾಯಿಯನ್ನು ಒತ್ತು ಕೊಟ್ಟು ನಿಲ್ಲಿಸಿದ್ದರು. ನೋಡಿದೆ. ಪುಕ್ಕಲಿಯಾದ ನಾನು, ಗಾಳಿಗೆ ಎಲೆ ಅಲುಗಿದರೂ ಏಕೆಂದು ಕೇಳುವ ನಾನು, ಇದೇಕೆ ಎಂದು ಕೇಳಲಿಲ್ಲ. ಆ ಹೊಸ್ತಿಲ ಹತ್ತಿರ ಬಂದರೆ ನನ್ನ ಹೆದರಿಕೆಗೆ ರಜೆ. ಮಂಜು, ಬಂಡೆ, ಜಲ್ಲಿ ಎಲ್ಲ ಹಿಂದಾಯಿತು, ಇನ್ನು ತಮ್ಮನ ಮನೆ, ಯಾರಿಗೂ ಏನೂ ಆಗುವುದಿಲ್ಲ ಎಂದು ಭುಜ ಸಡಿಲ ಬಿಡುವ ಜಾಗ ಅದು.

ಟ್ಯಾಂಕು ಮನೆಯಿಂದ ಮೇಲೆ ಹೋಗುವ ಮೆಟ್ಟಿಲಿನ ಎಲ್ಲಕ್ಕಿಂತ ಕೆಳಗಿನ ಹಂತದ ಮೇಲೆ, ಗಾಜಿನ ಬಾಟಲಿಯೊಳಗೆ ಒಂದು ಮೇಣದಬತ್ತಿ ಉರಿಯುತ್ತಿರುತ್ತದೆ. ಬಂದವರು ಅದೇನೆಂದು ಕೇಳದೆ ಇರುವುದಿಲ್ಲ, ತಮ್ಮ ಹೇಳದೆ ಬಿಡುವುದಿಲ್ಲ. "ಬಿಯರ್ ಹುದುಗು ಬರುವಾಗ ಅದೂ ನಮ್ಮ ಹಾಗೇ ಉಸಿರು ಬಿಡುತ್ತೆ. ಆ ಉಸಿರು ಗಾಳಿಗಿಂತ ಭಾರ. ನೀರಿನ ಹಾಗೆ ನೆಲದ ಮೇಲೆ ನಿಲ್ಲುತ್ತೆ, ಕಣ್ಣಿಗೆ ಮಾತ್ರ ಕಾಣಲ್ಲ. ಅದು ಏರಿದ್ರೆ ಮೊದಲು ಈ ದೀಪ ಆರುತ್ತೆ. ದೀಪ ಆರಿದ್ರೆ ಹಿಂದೆ ಮುಂದೆ ನೋಡ್ದೆ ಹೊರಗೆ ಓಡಿ. ಯಾರಾದ್ರೂ ಬಿದ್ದಿದ್ರೂ ಎತ್ತೋಕೆ ಹೋಗ್ಬೇಡಿ. ಬಗ್ಗಿದವರೂ ಅವರ ಪಕ್ಕಾನೇ ಮಲಗ್ತಾರೆ." ಗೋಡೆಯ ಮೇಲೆ ಗ್ಯಾಸು ಅಳೆಯುವ ಯಂತ್ರವೂ ಒಂದಿತ್ತು. ಸುಮ್ಮಸುಮ್ಮನೆ ಕಿರುಚುತ್ತದೆಂದು ಅದನ್ನು ಆ ವಾರ ರಿಪೇರಿಗೆ ಕಳಿಸಿದ್ದ.

ಆ ದಿನ ಪಾಠ ಹೇಳಲು ಅವನು ಎದುರಿಗೆ ಬರಲಿಲ್ಲ. ಕೊನೆಯ ಟ್ಯಾಂಕಿನ ಹಿಂದಿನಿಂದ ಪೈಪಿನ ನೀರು ಭೋರೆಂದು ಸುರಿಯುವ ಸದ್ದು. "ಅಕ್ಕಾ, ಎಲ್ಲರನ್ನೂ ಮೇಲೆ ಕರ್ಕೊಂಡು ಹೋಗು! ಈ ಟ್ಯಾಂಕು ಈಗಷ್ಟೇ ಖಾಲಿ ಮಾಡಿದೀನಿ, ತೊಳೆದು ಬರ್ತೀನಿ!" ಎಂದು ಕೂಗಿದ. ಮೇಣದಬತ್ತಿ ನೆಟ್ಟಗೆ ಉರಿಯುತ್ತಿತ್ತು. ಎಲ್ಲರನ್ನೂ ಮೆಟ್ಟಿಲು ಹತ್ತಿಸಿದೆ.

ಮೇಲೆ ತಮ್ಮನ ಹೆಂಡತಿ ನಲ್ಲಿಗಳ ಹಿಂದೆ ನಿಂತು ಪುಟ್ಟ ಲೋಟಗಳನ್ನು ತುಂಬುತ್ತಿದ್ದಳು. ಮೊದಲು ತಿಳಿ ಬಿಯರು, ಆಮೇಲೆ ಕಪ್ಪು, ಕೊನೆಗೆ ಕಹಿ. ನನ್ನ ಗಂಡ ಎಲ್ಲರಿಗಿಂತ ಹಿಂದೆ, ಮೊಣಕಾಲು ಒತ್ತಿಕೊಳ್ಳುತ್ತಾ ಮೆಟ್ಟಿಲು ಹತ್ತಿ ಬಂದರು. ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು ಕೈ ಕೊಡವಿಕೊಂಡರು.

"ಇವತ್ತು ಒಂದು ಬಾಗಿಲೂ ಬಿಟ್ಟಿಲ್ಲ. ಕೆಳಗಿಂದೂ ಹಾಕಿ, ಚಿಲಕ ಹಾಕಿ, ಎಳೆದು ನೋಡಿ ಬಂದಿದೀನಿ. ಇನ್ನಾದ್ರೂ ಸಮಾಧಾನಾನಾ?"

"ಪರವಾಗಿಲ್ಲ, ಕಲೀತಾ ಇದೀರಿ" ಎಂದೆ. ನನಗೆ ಖುಷಿಯೇ ಆಯಿತು. ಅವರ ತುಟಿಯ ಕೊನೆಯಲ್ಲೂ ವಾರದ ನಂತರ ಒಂದು ನಗು ಮೂಡಿತು. ಲೋಟಕ್ಕೆ ಲೋಟ ತಾಗಿಸಿದೆವು.

ತಿಳಿ ಬಿಯರು ಮುಗಿಯಿತು. ಡ್ರೈವರು ಯಾವುದೋ ಪ್ರಯಾಣಿಕನ ಕತೆ ಹೇಳಿ ಎಲ್ಲರನ್ನೂ ನಗಿಸಿದ. ಕಪ್ಪು ಬಿಯರೂ ಮುಗಿಯಿತು. ಕಹಿ ಬಿಯರು ಸುರಿಯುವಾಗ ತಮ್ಮ ಬಂದೇ ಬರುತ್ತಿದ್ದ. 'ಮದುವೆಯಾದವರು ಕುಡಿಯಬೇಡಿ, ನಿಮಗೆ ಈ ರುಚಿ ಗೊತ್ತಿರೋದೇ' ಎಂಬ ಹಳಸಲು ಜೋಕು ಹೇಳಿ ಹೆಂಡತಿಯಿಂದ ಬೈಸಿಕೊಳ್ಳದಿದ್ದರೆ ಅವನಿಗೆ ಭಾನುವಾರ ಪೂರ್ತಿಯಾಗುತ್ತಿರಲಿಲ್ಲ. ಬರಲಿಲ್ಲ.

"ಎಲ್ಲಿ ನಿನ್ನ ಗಂಡ? ಒಂದು ಟ್ಯಾಂಕು ತೊಳೆಯೋಕೆ ಇಷ್ಟೊತ್ತಾ?" ಎಂದೆ.

"ಬೆಳಿಗ್ಗೆಯಿಂದ ಒದ್ದಾಡ್ತಿದಾರೆ ಅತ್ತಿಗೆ. ಗಾಳಿ ಎಳೆಯೋ ಫ್ಯಾನು ಕೆಟ್ಟೋಗಿದೆ, ಬೆಲ್ಟು ನಾಳೆ ಬರುತ್ತಂತೆ. ತೊಳೀಬೇಡಿ ಇವತ್ತು ಅಂದೆ. ಹಿಂದಿನ ಬಾಗಿಲು ತೆಗೆದು ಪೀಪಾಯಿ ಇಟ್ಟಿದೀನಲ್ಲ, ಗ್ಯಾಸೆಲ್ಲ ಅಲ್ಲೇ ಆಚೆ ಹೋಗುತ್ತೆ ಅಂದ್ರು."

ಗಂಡನ ಮುಖ ನೋಡಿದೆ. ಅವರ ಲೋಟ ತುಟಿಯ ಹತ್ತಿರವೇ ನಿಂತಿತ್ತು.

ಯಾರು ಮೊದಲು ಎದ್ದೆವೋ ಗೊತ್ತಿಲ್ಲ. ಸ್ಟೂಲು ಬಿದ್ದ ಸದ್ದು ನೆನಪಿದೆ. ಮೆಟ್ಟಿಲಿನ ಬಾಗಿಲನ್ನು ನಾನೇ ತೆಗೆದೆ. ಕೆಳಗೆ ಬಲ್ಬುಗಳು ಉರಿಯುತ್ತಿದ್ದವು, ಟ್ಯಾಂಕುಗಳು ಹೊಳೆಯುತ್ತಿದ್ದವು, ಪೈಪಿನ ನೀರು ಇನ್ನೂ ಸುರಿಯುತ್ತಿತ್ತು. ಎಲ್ಲವೂ ದಿನದ ಹಾಗೇ ಇತ್ತು. ಕೆಳಗಿನ ಮೆಟ್ಟಿಲಿನ ಬಾಟಲಿಯೊಳಗೆ ಮಾತ್ರ ದೀಪವಿರಲಿಲ್ಲ.

"ತಮ್ಮಾ!" ಎಂದು ಕೂಗಿದೆ. "ಲೋ, ಮೇಲೆ ಬಾರೋ!" ನೀರಿನ ಸದ್ದು ಬಿಟ್ಟರೆ ಬೇರೆ ಉತ್ತರ ಬರಲಿಲ್ಲ.

ನನ್ನ ಗಂಡ ನನ್ನನ್ನು ಪಕ್ಕಕ್ಕೆ ತಳ್ಳಿ ಇಳಿಯತೊಡಗಿದರು. ಮೊಣಕಾಲು ನೋವಿನವರು ಮೆಟ್ಟಿಲು ಹಾರಿ ಹಾರಿ ಇಳಿದರು. ನಾನು ಹಿಂದಿನಿಂದ ಅವರ ಬೆಲ್ಟಿಗೆ ಕೈ ಹಾಕಿ, ಎರಡೂ ಕೈಯಲ್ಲಿ ಹಿಡಿದು, ಮೆಟ್ಟಿಲಿನ ಮೇಲೆ ಕುಕ್ಕರಿಸಿ ಕೂತುಬಿಟ್ಟೆ.

"ಬಿಡು!"

"ಬಿಡಲ್ಲ."

"ನಾನು ಹಾಕಿದ್ದು ಬಾಗಿಲು! ಬಿಡೇ!"

"ಬಿಡಲ್ಲ ಅಂದ್ರೆ ಬಿಡಲ್ಲ. ದೀಪ ನೋಡ್ರೀ, ದೀಪ ನೋಡಿ!"

ಅವರು ಎಳೆದರು. ನಾನು ಇನ್ನೊಂದು ಮೆಟ್ಟಿಲು ಜಾರಿದೆ. ಮೂಗಿನ ಹೊಳ್ಳೆ ಚುರುಗುಟ್ಟಿತು, ಸೋಡಾ ಬಾಟಲಿ ತೆರೆದು ಮೂಗಿನ ಕೆಳಗೆ ಹಿಡಿದ ಹಾಗೆ. ನನಗೆ ಬದುಕಿನಲ್ಲಿ ಎಂದೂ ಆಗದಷ್ಟು ಭಯವಾಯಿತು. ಸಾಯುತ್ತೇನೆಂದಲ್ಲ. ಕೆಳಗೆ ನನ್ನ ತಮ್ಮ ಬಿದ್ದಿದ್ದಾನೆ, ಅವನನ್ನು ಎತ್ತಲು ಹೊರಟವರನ್ನು ನಾನು ಹಿಡಿದು ಕೂತಿದ್ದೇನೆ, ಅದೇ ಸರಿ ಎಂದು ತಮ್ಮನೇ ಪ್ರತಿ ಭಾನುವಾರ ಹೇಳಿದ್ದಾನೆ, ಆದರೂ ಇದು ಸರಿಯಲ್ಲದಿದ್ದರೆ? ಬೆಲ್ಟು ಬಿಟ್ಟರೆ ಇಬ್ಬರೂ ಹೋಗಬಹುದು. ಬಿಡದಿದ್ದರೆ ಒಬ್ಬನಂತೂ ಹೋದನೇ ಎನ್ನಿಸಿತು. ಕೈ ಬಿಡಲಿಲ್ಲ.

ತಲೆಯ ಮೇಲೆ ತಮ್ಮನ ಹೆಂಡತಿಯ ಕಿರುಚಾಟ ಕೇಳಿತು. ಡ್ರೈವರು ಅವಳನ್ನು ಬಾಗಿಲಲ್ಲೇ ತಡೆದು ಹಿಡಿದಿದ್ದ. "ಬಿಡಿ ಅತ್ತಿಗೆ ಅವರನ್ನ! ನಿಮ್ಮ ಗಂಡ ಉಳಿದ್ರೆ ಸಾಕಾ ನಿಮಗೆ? ಹಂಗಾದ್ರೆ ನನ್ನ ಗಂಡ?"

"ಹಿಂದಿನ ಬಾಗಿಲು! ಸುತ್ತಿ ಹೋಗಿ ತೆಗೀರಿ!" ಎಂದು ಕೂಗಿದೆ.

ನನ್ನ ಗಂಡ ಎಳೆಯುವುದನ್ನು ನಿಲ್ಲಿಸಿದರು. ಮಗುವಿನ ದನಿಯಲ್ಲಿ "ಚಿಲಕ ಒಳಗಡೆ ಇದೆ" ಎಂದರು. ಆಮೇಲೆ ಬಡಗಿಯ ದನಿ ಬಂತು. "ಕೀಲು ಹೊರಗಿದೆ."

ಎಲ್ಲರೂ ಓಡಿದೆವು. ಕುಡಿಯುವ ಕೋಣೆ ದಾಟಿ, ಬೀದಿಗೆ ಬಿದ್ದು, ಕಟ್ಟಡದ ಮಗ್ಗುಲಿನ ಓಣಿಯಲ್ಲಿ, ಇಳಿಜಾರಿನ ಹುಲ್ಲಿನ ಮೇಲೆ ಅರ್ಧ ಓಡಿ ಅರ್ಧ ಜಾರಿ. ಬೀದಿಯಲ್ಲಿ ಒಬ್ಬಾತ ಕಾರು ತೊಳೆಯುತ್ತಿದ್ದ. ನಮ್ಮನ್ನು ನೋಡಿ ಪರಿಚಯದ ನಗು ನಕ್ಕ. ಅವನ ಮೇಲೆ ನನಗೆ ಎಷ್ಟು ಕೋಪ ಬಂತೆಂದರೆ ಈಗಲೂ ಅವನನ್ನು ಕಂಡರಾಗದು.

ಖಾಲಿ ಪೀಪಾಯಿ ಬಾಗಿಲ ಪಕ್ಕದಲ್ಲಿ ಒಪ್ಪವಾಗಿ ನಿಂತಿತ್ತು. ಅಚ್ಚುಕಟ್ಟಿನ ಮನುಷ್ಯ, ದಾರಿಗೆ ಅಡ್ಡವಾಗದಂತೆ ಸರಿಸಿಟ್ಟಿದ್ದರು. ಬಾಗಿಲು ಅವರು ಹೊಗಳಿಕೊಳ್ಳುವ ಹಾಗೇ ಇತ್ತು. ಉಗುರು ತೂರಿಸಲೂ ಸಂದಿಯಿಲ್ಲ.

ಅವರು ಒಂದು ಕಲ್ಲು ಎತ್ತಿಕೊಂಡರು. ನಾನು ಒಳಗೆ ಹೋಗುವಾಗ ಅಲ್ಲೇ ಗೋಡೆಗೆ ಒರಗಿಸಿಟ್ಟಿದ್ದ ಗುಡ್ಡದ ಕೋಲನ್ನು ಎಳೆದುಕೊಂಡು, ಅದರ ಕಬ್ಬಿಣದ ತುದಿಯನ್ನು ಕೀಲಿನ ಕೆಳಗಿಟ್ಟು ಬಡಿಯತೊಡಗಿದರು. ಕೀಲಿನೊಳಗಿನ ಕಂಬಿ ಮೇಲಕ್ಕೆ ಸರಿಯಬೇಕು. ಮೊದಲ ಏಟು ಅವರ ಹೆಬ್ಬೆರಳಿಗೆ ಬಿತ್ತು. ಎರಡನೆಯದೂ ಅಲ್ಲಿಗೇ. ನಲವತ್ತು ವರ್ಷ ಸುತ್ತಿಗೆ ಹಿಡಿದ ಕೈ ಅದು. ನಾನು ಕೋಲನ್ನು ಹಿಡಿದುಕೊಂಡೆ. "ಹೊಡೀರಿ. ನನ್ನ ಕೈಗೆ ಬಿದ್ರೂ ಚಿಂತೆ ಇಲ್ಲ, ಹೊಡೀರಿ." ಕೆಳಗಿನ ಕೀಲು ಬಂತು. ನಡುವಿನದು ಬಂತು. ಮೇಲಿನದು ಬರಲೊಲ್ಲದು. ನಾನು ಹಲಗೆಗೆ ಕಿವಿ ಇಟ್ಟೆ. ಪೈಪಿನ ನೀರಿನ ಸದ್ದು ಅಷ್ಟೇ. ಆ ನೀರಿನ ಸದ್ದು ನಿಲ್ಲಬಾರದೇ, ಅವನೇ ಎದ್ದು ನಿಲ್ಲಿಸಬಾರದೇ ಎಂದು ಕಂಡ ದೇವರಿಗೆಲ್ಲ ಕೈ ಮುಗಿದೆ.

ಮೇಲಿನ ಕಂಬಿ ಹಾರಿ ಹುಲ್ಲಿಗೆ ಬಿತ್ತು. ಡ್ರೈವರೂ ನನ್ನ ಗಂಡನೂ ಬಾಗಿಲಿನ ಅಂಚಿಗೆ ಕೋಲು ತುರುಕಿ ಮೀಟಿದರು. ರಬ್ಬರ್ ಪಟ್ಟಿ ಕಿತ್ತುಕೊಂಡು ಬಾಗಿಲು ಹೊರಕ್ಕೆ ವಾಲಿತು.

ಅದರ ಜೊತೆಗೇ ಒಂದು ಕೈ ಹೊಸ್ತಿಲ ಮೇಲೆ ಬಿತ್ತು.

ಅವನು ಟ್ಯಾಂಕಿನ ಹಿಂದೆ ಇರಲಿಲ್ಲ. ಬಾಗಿಲಿನ ಬುಡದಲ್ಲೇ ಬೋರಲು ಬಿದ್ದಿದ್ದ. ನಾನು ಕಿವಿ ಇಟ್ಟಿದ್ದ ಹಲಗೆಯ ಆ ಬದಿಗೆ ಅವನ ತಲೆಯಿತ್ತು.

"ಯಾರೂ ಒಳಗೆ ಕಾಲಿಡಬೇಡಿ! ಕೈ ಹಿಡಿದು ಎಳೀರಿ!" ಹಲ್ಲಿನ ಡಾಕ್ಟರಮ್ಮ ಕೂಗಿದರು. ಎಳೆದರು. ಹುಲ್ಲಿನ ಮೇಲೆ ಅಂಗಾತ ಮಲಗಿಸಿದರು. ಆಕೆ ಅವನ ಎದೆಯ ಮೇಲೆ ಕೈ ಜೋಡಿಸಿ ಒತ್ತತೊಡಗಿದರು, ನಡುನಡುವೆ ಬಾಯಿಗೆ ಬಾಯಿಟ್ಟು ಊದಿದರು. "ಕಾಲೇಜಲ್ಲಿ ಗೊಂಬೆ ಮೇಲೆ ಮಾಡಿದ್ದು, ದೇವರೇ, ಗೊಂಬೆ ಮೇಲೆ ಮಾಡಿದ್ದು" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಯಾರೋ ಆಂಬುಲೆನ್ಸಿಗೆ ಫೋನು ಮಾಡುತ್ತಿದ್ದರು. ನನಗೆ ಅವನ ಮುಖ ನೋಡುವ ಧೈರ್ಯವಾಗಲಿಲ್ಲ. ಬೂಟು ನೋಡುತ್ತಾ ನಿಂತೆ. ಒಂದರ ಲೇಸು ಬಿಚ್ಚಿತ್ತು. ಚಿಕ್ಕವನಿದ್ದಾಗಲೂ ಹೀಗೇ. ಕಟ್ಟಬೇಕು, ಎಡವಿ ಬೀಳುತ್ತಾನೆ ಎಂದು ನಿಜವಾಗಿಯೂ ಬಗ್ಗಿ ಕಟ್ಟತೊಡಗಿದೆ.

ಲೇಸಿನ ಗಂಟು ಹಾಕುವಾಗ ಕಾಲು ಅಲುಗಿತು. ಗಂಟಲಿನಲ್ಲಿ ಗೊರಕೆಯಂಥ ಒಂದು ಸದ್ದು. ಆಮೇಲೆ ಕೆಮ್ಮು. ತಮ್ಮನ ಹೆಂಡತಿ ಅವನ ಮೇಲೆ ಬಿದ್ದು ಅತ್ತಳು. ನನಗೆ ಅಳುವೂ ಬರಲಿಲ್ಲ, ಏಳುವುದೂ ಆಗಲಿಲ್ಲ. ಗಂಡ ಎಲ್ಲಿ ಎಂದು ನೋಡಿದರೆ ಕಿತ್ತ ಬಾಗಿಲಿನ ಮೇಲೆ ಕೂತಿದ್ದರು. ಹೆಬ್ಬೆರಳಿನ ರಕ್ತ ಹಲಗೆಯ ಮೇಲೆ ತೊಟ್ಟಿಕ್ಕುತ್ತಿತ್ತು.

ಆಸ್ಪತ್ರೆಯಲ್ಲಿ ಅವನಿಗೆ ಪೂರಾ ಎಚ್ಚರ ಬಂದದ್ದು ಮಾರನೆಯ ದಿನ. ನಾವು ಮೂವರೂ ಮಂಚದ ಸುತ್ತ ನಿಂತಿದ್ದೆವು. ಅವನ ಹೆಂಡತಿ ನನ್ನ ಜೊತೆ ಮಾತಾಡಿರಲಿಲ್ಲ. ಬಾಗಿಲು ಹೇಗೆ ಹಾಕಿಕೊಂಡಿತೆಂದು ಆ ಗದ್ದಲದಲ್ಲಿ ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಮೆಟ್ಟಿಲಲ್ಲಿ ನನ್ನ ಗಂಡ ಕೂಗಿದ್ದು ಅವಳ ಕಿವಿಗೆ ಬಿದ್ದಿತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ತಮ್ಮನೇ ಶುರು ಮಾಡಿದ. ಗಂಟಲು ಒಡೆದ ಮಡಕೆಯ ಹಾಗಿತ್ತು. "ಪೀಪಾಯಿ ಸರಿಯಾಗಿ ಇಟ್ಟಿರಲಿಲ್ಲ ಅನ್ಸುತ್ತೆ. ಉರುಳಿ ಹೋಗಿ ಬಾಗಿಲು ತಾನಾಗೇ ಹಾಕ್ಕೊಂಡಿದೆ. ನಂದೇ ತಪ್ಪು. ಕಲ್ಲು ಕೊಡಬೇಕಿತ್ತು ಅದಕ್ಕೆ."

ನಾನು ಗಂಡನ ಕೈ ಹಿಡಿದು ಬಲವಾಗಿ ಅದುಮಿದೆ. ಸುಮ್ಮನಿರಿ ಎಂದೇ ಅದರ ಅರ್ಥ. ಅವನು ಬದುಕಿದ್ದಾನೆ, ಅವನೇ ತಪ್ಪು ಒಪ್ಪಿಕೊಂಡಿದ್ದಾನೆ, ಇಷ್ಟಕ್ಕೆ ಮುಗಿಯಲಿ. ಹೌದು, ಹಾಗೆಂದುಕೊಂಡೆ. ಒಂದು ದಿನದಲ್ಲಿ ಅಷ್ಟು ಹೆದರಿದವಳು ಇನ್ನೇನು ಅಂದುಕೊಂಡಾಳು?

ಅವರು ಕೈ ಬಿಡಿಸಿಕೊಂಡರು. "ಉರುಳಲಿಲ್ಲ. ನಾನು ಸರಿಸಿದೆ. ಬಾಗಿಲೂ ನಾನೇ ಹಾಕಿದೆ. ಚಿಲಕಾನೂ ನಾನೇ ಹಾಕಿದೆ. ಎಳೆದೂ ನೋಡಿದೆ" ಎಂದರು.

"ನಾನು ಬೈದಿದ್ದೆ ಅಂತ ಹಾಕಿದ್ರು" ಎಂದೆ. ಅದನ್ನಾದರೂ ಹೇಳಬೇಕಿತ್ತು.

ತಮ್ಮನಿಗೆ ಕೋಪ ಬರಲಿ, ಕೂಗಲಿ ಎಂದು ಕಾದೆ. ಅವನು ಕೂಗಲಿಲ್ಲ. ಒಂದೊಂದೇ ಮಾತು ಹೇಳಿದ. "ತಲೆ ತಿರುಗೋಕೆ ಶುರುವಾಯ್ತು ಭಾವ. ಕಾಲಲ್ಲಿ ಬಲ ಇರಲಿಲ್ಲ, ಕಣ್ಣು ಕತ್ತಲೆ. ಬಾಗಿಲು ಯಾವ ಕಡೆ ಅಂತ ನಂಗೆ ಗೊತ್ತಿತ್ತು. ತೆವಳ್ಕೊಂಡು ಬಂದೆ. ಗಾಳಿ ಸಿಗುತ್ತೆ ಅಂತ ಕೈ ಚಾಚಿದ್ರೆ ಮರ ಸಿಕ್ತು. ಬಾಗಿಲು ತೆಗೆದೇ ಇದೆ ಅಂತ ನಂಗೆ ಗೊತ್ತಲ್ಲ? ಹಂಗಾದ್ರೆ ಇದು ಬಾಗಿಲಲ್ಲ, ದಾರಿ ತಪ್ಪಿ ಬೇರೆ ಎಲ್ಲೋ ಬಂದಿದೀನಿ ಅನ್ಕೊಂಡೆ. ಚಿಲಕ ನನ್ನ ತಲೆ ಮೇಲೇ ಇತ್ತು. ಹುಡುಕಲೇ ಇಲ್ಲ. ಹಿಂದಕ್ಕೆ ತಿರುಗೋಕೆ ಹೋದೆ, ಅಷ್ಟೇ ನೆನಪು."

ಅವನೇ ನಗಲು ಪ್ರಯತ್ನಿಸಿದ. "ಬಾಗಿಲು ಮಾತ್ರ ಒಳ್ಳೇದು ಮಾಡಿದೀಯ ಭಾವ. ಇರುವೆ ಉಸಿರೂ ಆಚೆ ಹೋಗಲ್ಲ."

ನನ್ನ ಗಂಡ ಎದ್ದು ಹೊರಗೆ ಹೋದರು.

ನಾನೂ ಹಿಂದೆ ಹೊರಟಾಗ ತಮ್ಮನ ಹೆಂಡತಿ ಬಾಗಿಲ ತನಕ ಬಂದಳು. "ನೀವು ಅವತ್ತು ಹಿಡ್ಕೊಂಡಿದ್ದು ಸರಿ ಅಂತ ಇಲ್ಲಿನ ಡಾಕ್ಟ್ರೂ ಹೇಳಿದ್ರು ಅತ್ತಿಗೆ. ಭಾವನೂ ಇಳಿದಿದ್ರೆ ಹೊರಗಿಂದ ಕೀಲು ತೆಗೆಯೋರು ಯಾರಿರ್ತಿದ್ರು?" ಎಂದಳು.

"ಹೂಂ" ಎಂದೆ.

"ಸರಿ ಅಂತ ನಂಗೂ ಗೊತ್ತಾಗುತ್ತೆ. ಆದ್ರೂ ಕಣ್ಣು ಮುಚ್ಚಿದ್ರೆ ನೀವು ಹಿಡ್ಕೊಂಡು ಕೂತಿರೋದೇ ಕಾಣುತ್ತೆ."

"ನಂಗೂ ಅದೇ ಕಾಣೋದಮ್ಮ" ಎಂದೆ. ಅವಳು ನನ್ನ ತೋಳನ್ನು ಒಮ್ಮೆ ಮುಟ್ಟಿ ಒಳಗೆ ಹೋದಳು.

ತಮ್ಮ ಮನೆಗೆ ಬಂದ. ಫ್ಯಾನು ಹೊಸದಾಯಿತು, ಕಿರುಚುವ ಯಂತ್ರ ಗೋಡೆಗೆ ವಾಪಸ್ಸು ಬಂತು. ಹಿಂಬಾಗಿಲನ್ನು ನನ್ನ ಗಂಡ ಮತ್ತೆ ಕೂರಿಸಲಿಲ್ಲ. ಆ ಜಾಗಕ್ಕೆ ಕಬ್ಬಿಣದ ಕಂಬಿಗಳ ಬಾಗಿಲು ಬಂತು, ಅದರಲ್ಲಿ ಬೆಕ್ಕೂ ನುಸುಳಬಹುದು. ತಂಪೆಲ್ಲ ಸೋರುತ್ತದೆ, ಕರೆಂಟಿನ ಬಿಲ್ಲು ಏರುತ್ತದೆ ಎಂದು ತಮ್ಮ ಗೊಣಗಿದ. ಗೊಣಗಲಿ. ಮನೆಯಲ್ಲೂ ಈಗ ಬಚ್ಚಲಿನ ಬಾಗಿಲು ಕೂಡ ಅರ್ಧ ತೆರೆದೇ ಇರುತ್ತದೆ. ನಾನು ಏನೂ ಅನ್ನುವುದಿಲ್ಲ.

ಮತ್ತೆ ಗುಡ್ಡಕ್ಕೆ ಹೋಗುವುದು ಬೇಡವೆಂದೇ ನಾನಿದ್ದೆ. ತಮ್ಮನೇ ಹಟ ಹಿಡಿದ. "ಜನ ಬರದಿದ್ರೆ ಇಷ್ಟು ಬಿಯರ್ ನಾನೊಬ್ಬನೇ ಕುಡೀಲಾ?" ಎಂದ. ಹಾಗಾಗಿ ಒಂದು ಭಾನುವಾರ, ಬಿಸಿಲು ಚೆನ್ನಾಗಿದ್ದಾಗ, ಹೊರಟೆವು. ಮಂಜಿನ ಸುಳಿವಿರಲಿಲ್ಲ. ನನ್ನ ಹಿಂದೆ ಹೊಸ ಮುಖಗಳು. ಹೊರಡುವ ಮುಂಚೆ ಹೇಳುವ ಮಾತನ್ನು ಹೇಳಲು ಬಾಯಿ ತೆರೆದೆ, ಆಗಲಿಲ್ಲ. "ಬನ್ನಿ, ಹೋಗೋಣ" ಎಂದಷ್ಟೇ ಹೇಳಿದೆ.

ಮೊದಲ ಬೇಲಿ ದಾಟಿ ಹಿಂತಿರುಗಿ ನೋಡಿದೆ. ಎಲ್ಲರೂ ಈಚೆ ಬಂದಿದ್ದರು. ನನ್ನ ಗಂಡ ಬಾಗಿಲಿನ ಸರಳು ಹಿಡಿದು ನಿಂತಿದ್ದರು. ಹಾಕಲಿಲ್ಲ. ದೂರದಲ್ಲಿ ಮೇಯುತ್ತಿದ್ದ ಕುರಿಗಳು ತಲೆ ಎತ್ತಿ ಬಾಗಿಲ ಕಡೆ ನೋಡತೊಡಗಿದವು. ಅವರು ಕತ್ತು ಚಾಚಿ, ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಆ ಬಯಲಾದ ಹುಲ್ಲುಗಾವಲಿಗೆ ಕೂಗಿದರು.

"ಒಳಗೆ ಯಾರಾದ್ರೂ ಇದೀರಾ?"

ನನ್ನ ಪಕ್ಕದಲ್ಲಿದ್ದ ಒಬ್ಬ ಹುಡುಗಿ ಕಿಸಕ್ಕನೆ ನಕ್ಕಳು. ಗೋಡೆಯಿಲ್ಲ, ಚಾವಣಿಯಿಲ್ಲ, ಆ ತುದಿಯವರೆಗೂ ಬರೀ ಹುಲ್ಲು. ಇನ್ನೂ ಒಂದಿಬ್ಬರು ನಕ್ಕರು. ನನ್ನ ಗಂಡ ಮತ್ತೊಮ್ಮೆ ಕೂಗಿ, ಉತ್ತರಕ್ಕಾಗಿ ಕಿವಿಗೊಟ್ಟು ನಿಂತರು. ಸರಳಿನ ಮೇಲಿದ್ದ ಅವರ ಕೈಯ ಹೆಬ್ಬೆರಳಿನ ಉಗುರು ಇನ್ನೂ ಕಪ್ಪಾಗಿತ್ತು.

ನಾನು ಎಲ್ಲರನ್ನೂ ದಾಟಿ ಹಿಂದಕ್ಕೆ ನಡೆದೆ. ಅವರ ಪಕ್ಕದಲ್ಲಿ ನಿಂತು ಹುಲ್ಲುಗಾವಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದೆ. ನಿಜವಾಗಿಯೂ ನೋಡಿದೆ, ನನಗೂ ಹೆದರಿಕೆಯಿತ್ತು.

"ಯಾರೂ ಇಲ್ಲ ರೀ. ಎಲ್ಲಾ ಹೊರಗೆ ಬಂದಿದೀವಿ. ಹಾಕಿ" ಎಂದೆ.

ಅವರು ಹಾಕಿದರು. ಮುಂದಿನ ಬೇಲಿಯ ಹತ್ತಿರವೂ ನಾನೇ ಹಿಂದಕ್ಕೆ ಬಂದೆ.